ಕಲ್ಲುತೊಟ್ಟಿ ಪುಡಿ ಉದುರಿಸುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಾನು ಮಂಗಳೂರಿನವಳು. ನಮ್ಮದು ಬಾಸೆಲ್ ಮಿಷನ್ ಕಾಲದಿಂದ ಬಂದ ಕ್ರೈಸ್ತ ಮನೆತನ. ನರ್ಸ್ ಆಗಿ ಇಂಗ್ಲೆಂಡಿಗೆ ಬಂದು ಮೂವತ್ತು ವರ್ಷವಾಯಿತು. ನಿವೃತ್ತಿಯಾದ ಮೇಲೆ ಸಫೊಕ್‌ನ ಒಂದು ಸಣ್ಣ ಹಳ್ಳಿಯಲ್ಲಿದ್ದೇವೆ. ಹೋದ ವರ್ಷ ಇಲ್ಲಿನ ಪ್ಯಾರಿಷ್ ಚರ್ಚಿಗೆ ನನ್ನನ್ನು ವಾರ್ಡನ್, ಅಂದರೆ ಚರ್ಚನ್ನು ನೋಡಿಕೊಳ್ಳುವ ಹೊಣೆಗಾರ್ತಿ, ಮಾಡಿದರು. ಬಾಗಿಲಿನ ಹತ್ತಿರವೇ ಎಂಟು ಮೂಲೆಯ ಕಲ್ಲಿನ ಫಾಂಟ್ ಇದೆ, ಅಂದರೆ ದೀಕ್ಷಾಸ್ನಾನದ ತೊಟ್ಟಿ. 15ನೇ ಶತಮಾನದ್ದು ಎನ್ನುತ್ತಾರೆ. ಕಂಬದ ಸುತ್ತ ಕುಳಿತ ಸಿಂಹಗಳು, ಮೈತುಂಬ ಕೂದಲಿರುವ ಗದೆ ಹಿಡಿದ ಮನುಷ್ಯರು. ಮೇಲೆ ಬೋಗುಣಿಯ ಸುತ್ತ ದೇವದೂತರು, ಹದ್ದು, ಎತ್ತು. ಮುಖಗಳೆಲ್ಲ ಒಡೆದಿವೆ. ಪ್ರತಿ ಶನಿವಾರ ಗುಡಿಸುವಾಗ ಸಿಂಹಗಳ ಕಾಲ ಬಳಿ ಸಕ್ಕರೆಯಂಥ ಪುಡಿ ಸಿಗುತ್ತದೆ, ಕಲ್ಲಿನ ಮೇಲೆ ಬಿಳಿ ನವಿರು ಎದ್ದಿರುತ್ತದೆ. ಕೊಳೆಯೆಂದು ತಿಳಿದು ವಾಷಿಂಗ್ ಸೋಡಾ ಹಾಕಿ ಎರಡು ಸಲ ತಿಕ್ಕಿದೆ, ಮತ್ತೂ ಹೆಚ್ಚಾಯಿತು. ಬೋಗುಣಿಯೊಳಗೆ ಸೀಸದ ತಗಡು ಇದೆ, ಅದರ ಮೇಲೂ ಪೌಡರಿನಂಥ ಬಿಳಿ ಪುಡಿ. ಅಂಚು ಎದುರುಬದುರಾಗಿ ಎರಡು ಕಡೆ ಒಡೆದಿದೆ, ಒಂದು ಕಡೆ ಕಂದು ಕಲೆಯಿರುವ ಬಿರುಕು. 17ನೇ ಶತಮಾನದ ಅಂತರ್ಯುದ್ಧದಲ್ಲಿ ರಾಜನ ವಿರುದ್ಧ ಹೋರಾಡಿದ ಕ್ರಾಮ್‌ವೆಲ್‌ನ ಸೈನಿಕರು ಒಡೆದು ಕುದುರೆಗೆ ನೀರು ಕುಡಿಸಿದರು ಎಂದು ಊರಿನ ಹಿರಿಯರೊಬ್ಬರು ಹೇಳುತ್ತಾರೆ. ಸಭೆಯ ನಿವೃತ್ತ ಬಿಲ್ಡರ್ ಒಬ್ಬರು ಪುಕ್ಕಟೆಯಾಗಿ ಸಿಮೆಂಟ್ ಮೆತ್ತಿ, ನೀರು ಇಳಿಯದ ಹಾಗೆ ಸಿಲಿಕೋನ್ ಬಳಿದು ಕೊಡುತ್ತೇನೆ ಎಂದಿದ್ದಾರೆ. ಕಮಿಟಿಯವರಿಗೆ ಅಲ್ಲಿ ಟೀ ಕೌಂಟರ್ ಮಾಡುವ ಆಸೆ, ಫಾಂಟನ್ನು ಬದಿಗೆ ಸರಿಸಬಹುದೇ ಎಂದು ಕೇಳುತ್ತಾರೆ. ಬರುವ ಈಸ್ಟರಿಗೆ ಅದರಲ್ಲೇ ನನ್ನ ಮೊಮ್ಮಗಳ ದೀಕ್ಷಾಸ್ನಾನ ಆಗಬೇಕು. ನೀರು ಹಾಕಬಹುದೇ? ಸುತ್ತ ಇರುವುದು 1960ರ ದಶಕದಲ್ಲಿ ಹಾಕಿದ ಕಾಂಕ್ರೀಟ್ ನೆಲ, ಮೇಲೆ ಕಾರ್ಪೆಟ್. ನನ್ನ ಕಾಲದಲ್ಲಿ ಇದು ಹಾಳಾಯಿತು ಎನ್ನಿಸಿಕೊಳ್ಳಲು ಇಷ್ಟವಿಲ್ಲ.

ಉತ್ತರ: ನಿಮ್ಮ ಕಾಲದಲ್ಲಿ ಅದು ಹಾಳಾಗುತ್ತಿಲ್ಲ ಮೇಡಂ. ಹಾಳಾಗಲು ಬೇಕಾದ ಏರ್ಪಾಡೆಲ್ಲ ನೀವು ಆ ಊರಿಗೆ ಹೋಗುವುದಕ್ಕೆ ಮೊದಲೇ ಮುಗಿದಿತ್ತು. ಪೊರಕೆ ಹಿಡಿದವರು ನೀವಾದ್ದರಿಂದ ಪುಡಿ ನಿಮ್ಮ ಕಣ್ಣಿಗೆ ಬಿತ್ತು, ಅಷ್ಟೇ. ಅದರ ಬೇರು ನೀವು ಪತ್ರದ ಕೊನೆಯಲ್ಲಿ, ಹೇಳಿದರೆ ಹೇಳಿದೆ ಎನ್ನುವ ಹಾಗೆ ಸೇರಿಸಿದ ಕಾಂಕ್ರೀಟ್ ನೆಲದ ಸಾಲಿನಲ್ಲಿದೆ ಎಂದು ನನ್ನ ಗುಮಾನಿ. ಅಲ್ಲಿಗೆ ಬರುತ್ತೇನೆ. ಅದಕ್ಕೆ ಮೊದಲು ಒಂದು ತುರ್ತಿನ ಮಾತಿದೆ.

ನೀವು ಎರಡು ಬಿಳಿ ಪುಡಿಗಳ ವಿಷಯ ಬರೆದಿದ್ದೀರಿ, ಎರಡೂ ಒಂದೇ ಎಂಬಂತೆ. ಕೆಳಗೆ ಸಿಂಹಗಳ ಮೈಮೇಲೆ ಏಳುತ್ತಿರುವುದು ಉಪ್ಪು. ಮೇಲೆ ಬೋಗುಣಿಯೊಳಗೆ ಇರುವುದು, ನೀವು ಬರೆದಿರುವ ಲಕ್ಷಣ ನೋಡಿದರೆ, ಸೀಸದ ಕಾರ್ಬೊನೇಟ್. ಅದು ವಿಷ. ಹಿಂದೆ ಬಿಳಿ ಬಣ್ಣ ತಯಾರಿಸುವವರು ಸೀಸದ ಪಟ್ಟಿಗಳನ್ನು ವಿನೆಗರ್ ಕುಡಿಕೆಗಳ ಮೇಲಿಟ್ಟು, ಸುತ್ತ ಗೊಬ್ಬರ ಮುಚ್ಚಿ, ವಾರಗಟ್ಟಲೆ ಬಿಟ್ಟು ಇದನ್ನೇ ಬೆಳೆಸುತ್ತಿದ್ದರು. ನಿಮ್ಮ ಫಾಂಟಿನಲ್ಲಿ ವಿನೆಗರ್ ಎಲ್ಲಿಂದ ಬಂತು ಎಂದು ಕೇಳುತ್ತೀರಿ. ಮುಚ್ಚಳದಿಂದ. ಅದು ಓಕ್ ಮರದ್ದು ತಾನೇ? ಅಲ್ಲಿ ಫಾಂಟಿನ ಮುಚ್ಚಳಗಳು ಬಹುಪಾಲು ಓಕ್‌ನವೇ. ಓಕ್ ಮರ ಬಹಳ ಕಾಲ ಅಸಿಟಿಕ್ ಆಮ್ಲವನ್ನು ಸಣ್ಣಗೆ ಆವಿಯಾಗಿ ಬಿಡುತ್ತಲೇ ಇರುತ್ತದೆ, ವಿನೆಗರಿನಲ್ಲಿ ಇರುವುದೂ ಅದೇ ಆಮ್ಲ. ಮುಚ್ಚಳ ಬಿಗಿಯಾಗಿ ಕುಳಿತು, ಒಳಗೆ ಸ್ವಲ್ಪ ತೇವವೂ ಉಳಿದರೆ ಬಣ್ಣದ ಕಾರ್ಖಾನೆ ತಯಾರು.

ನರ್ಸ್ ಆಗಿದ್ದವರಿಗೆ ಸೀಸದ ಬಗ್ಗೆ ನಾನು ಪಾಠ ಹೇಳಬೇಕಿಲ್ಲ. ಬೋಗುಣಿಯೊಳಗಿನ ಈ ಪುಡಿಯನ್ನು ಒಣ ಬ್ರಷ್ಷಿನಿಂದ ಕೊಡವಬೇಡಿ, ಮನೆಯ ವ್ಯಾಕ್ಯೂಮ್ ಹಾಕಬೇಡಿ. ಎರಡೂ ಅದನ್ನು ಗಾಳಿಗೆ ಎಬ್ಬಿಸುತ್ತವೆ. ಮುಚ್ಚಳ ಮುಚ್ಚಿ, ಮಕ್ಕಳು ಕೈಹಾಕದ ಹಾಗೆ ಒಂದು ಚೀಟಿ ಅಂಟಿಸಿಡಿ. ಅಂಟಿಸುವುದು ಮರಕ್ಕೆ, ಕಲ್ಲಿಗಲ್ಲ. ಪುಡಿಯನ್ನು ತೆಗೆಯುವ ಕೆಲಸ ಸಂರಕ್ಷಕರದು, ಅಂದರೆ ಹಳೆಯ ಕೆತ್ತನೆಗಳನ್ನು ಕಾಪಾಡುವ ಪರಿಣತರದು. ಒದ್ದೆ ಮಾಡಿ, ಮುಖಗವಸು ಹಾಕಿ, ಒರೆಸಿದ ಬಟ್ಟೆಯನ್ನೂ ಬೇರೆಯಾಗಿ ವಿಲೇವಾರಿ ಮಾಡುತ್ತಾರೆ. ಆಮೇಲೆ ಮುಚ್ಚಳದ ಕೆಳಗೆ ನಾಲ್ಕು ಕಡೆ ಬೆರಳಗಲದ ತುಂಡು ಕೊಟ್ಟು ಗಾಳಿಯಾಡಲು ಬಿಟ್ಟರೆ ಮತ್ತೆ ಬೆಳೆಯುವುದು ಬಹಳಷ್ಟು ತಗ್ಗುತ್ತದೆ.

ಇನ್ನು ಕ್ರಾಮ್‌ವೆಲ್. ನಮ್ಮಲ್ಲಿ ಊರಿನ ದೊಡ್ಡ ಬಂಡೆಗಳೆಲ್ಲ ಭೀಮನ ಲೆಕ್ಕಕ್ಕೆ ಹೋಗುವ ಹಾಗೆ ಇಂಗ್ಲೆಂಡಿನಲ್ಲಿ ಮುರಿದದ್ದೆಲ್ಲ ಕ್ರಾಮ್‌ವೆಲ್ ಲೆಕ್ಕಕ್ಕೆ. ಸಫೊಕ್‌ನ ಮಟ್ಟಿಗೆ ದಾಖಲೆಯಲ್ಲಿ ಸಿಗುವ ಹೆಸರು ವಿಲಿಯಂ ಡೌಸಿಂಗ್. ಪಾರ್ಲಿಮೆಂಟ್ ಪಕ್ಷದ ಸೇನಾನಿ ಅರ್ಲ್ ಆಫ್ ಮ್ಯಾಂಚೆಸ್ಟರ್ ಕೊಟ್ಟ ಅಧಿಕಾರಪತ್ರ ಹಿಡಿದು 1643-44ರಲ್ಲಿ ಕೇಂಬ್ರಿಜ್‌ಶೈರ್ ಮತ್ತು ಸಫೊಕ್‌ನ ನೂರಾರು ಚರ್ಚುಗಳನ್ನು ಸುತ್ತಿ, ಎಲ್ಲಿ ಏನೇನು ಒಡೆಸಿದೆ ಎಂದು ಅಚ್ಚುಕಟ್ಟಾಗಿ ದಿನಚರಿ ಬರೆದಿಟ್ಟ ಮನುಷ್ಯ. ಅಫರ್ಡ್ ಎಂಬ ಊರಿನ ಫಾಂಟಿನ ಮುಚ್ಚಳ ಕಂಡು ಅವನೂ ಬೆರಗಾದ. ಸುಮಾರು ಹದಿನೆಂಟು ಅಡಿ ಎತ್ತರದ ಕೆತ್ತನೆ, ತುದಿಯಲ್ಲಿ ತನ್ನ ಎದೆ ಕುಕ್ಕಿಕೊಳ್ಳುವ ಪೆಲಿಕನ್ ಹಕ್ಕಿ. ಪೋಪನ ಮೂರು ಸುತ್ತಿನ ಕಿರೀಟದ ಹಾಗಿದೆ ಎಂದು ಬರೆದುಕೊಂಡ. ಆ ಮುಚ್ಚಳ ಇವತ್ತಿಗೂ ಅಲ್ಲೇ ಇದೆ.

ಆದರೆ ಫಾಂಟಿನ ಮುಖಗಳು ಹೋಗಿರುವುದಕ್ಕೆ ಡೌಸಿಂಗ್ ಒಬ್ಬನನ್ನೇ ಹಿಡಿಯಲಾಗದು. ಅದಕ್ಕೆ ನೂರು ವರ್ಷ ಮೊದಲೇ, ಆರನೇ ಎಡ್ವರ್ಡ್ ರಾಜನ ಕಾಲದಲ್ಲಿ, 1547ರ ನಂತರ, ಚರ್ಚುಗಳಲ್ಲಿದ್ದ ವಿಗ್ರಹಗಳನ್ನು ತೆಗೆಯಬೇಕೆಂಬ ಆಜ್ಞೆ ಬಂದಿತ್ತು. ಆಗ ಎಷ್ಟೋ ಕಡೆ ಊರಿನವರೇ, ನಿಮ್ಮ ಹಾಗೆ ವಾರ್ಡನ್ ಆಗಿದ್ದವರೇ, ಕೂಲಿ ಕೊಟ್ಟು ಉಬ್ಬಿದ್ದನ್ನು ಚಪ್ಪಟೆ ಮಾಡಿಸಿ ಮೇಲೆ ಗಾರೆ ಬಳಿಸಿಬಿಟ್ಟರು. ಗಾರೆ ಬಳಿದದ್ದೇ ಒಳ್ಳೆಯದಾಯಿತು, ಅದರಡಿ ಉಳಿದದ್ದು ಉಳಿಯಿತು. ನಾರ್ಫೊಕ್ ಮತ್ತು ಸಫೊಕ್‌ನಲ್ಲಿ ಏಳು ಸಂಸ್ಕಾರಗಳನ್ನು ಏಳು ಮುಖಗಳಲ್ಲಿ ಕೆತ್ತಿದ ಫಾಂಟುಗಳು ನಲವತ್ತರ ಆಸುಪಾಸು ಇವೆ. ಎಂಟನೆಯ ಮುಖದಲ್ಲಿ ಯೇಸುವಿನ ದೀಕ್ಷಾಸ್ನಾನವೋ ಶಿಲುಬೆಯೋ ಇರುತ್ತದೆ. ಸಫೊಕ್‌ನ ವೆಸ್ಟ್‌ಹಾಲ್‌ನಲ್ಲಿ ಅದರ ಹಳೆಯ ಬಣ್ಣ ಕೂಡ ಇನ್ನೂ ಕಾಣುತ್ತದೆ. ನಿಮ್ಮದು ಆ ಜಾತಿಯದಲ್ಲ. ಸಿಂಹ, ಗದೆ ಹಿಡಿದ ಕಾಡುಮನುಷ್ಯ, ದೇವದೂತರು, ಯೇಸುವಿನ ಕಥೆ ಬರೆದ ನಾಲ್ವರು ಸುವಾರ್ತಾಕಾರರ ಲಾಂಛನಗಳು (ನಿಮ್ಮ ಹದ್ದು, ಎತ್ತು ಅವೇ): ಇದು ಆ ಸೀಮೆಯಲ್ಲಿ ಹೆಚ್ಚಾಗಿ ಕಾಣುವ ಮಾದರಿ. ಸಾಮಾನ್ಯ ಎಂದು ಕಡೆಗಣಿಸಬೇಡಿ. ಸಫೊಕ್‌ನಲ್ಲಿ ಹೇರಳವಾಗಿರುವುದು ಫ್ಲಿಂಟ್ ಎಂಬ ಚಕಮಕಿ ಕಲ್ಲು, ಕೆತ್ತಲು ಬರುವ ಒಳ್ಳೆಯ ಕಲ್ಲೇ ಅಲ್ಲಿಲ್ಲ. ನಿಮ್ಮ ಫಾಂಟಿನ ಸುಣ್ಣಕಲ್ಲು ಲಿಂಕನ್‌ಶೈರ್ ಕಡೆಯಿಂದಲೋ ಸಮುದ್ರದಾಚೆ ನಾರ್ಮಂಡಿಯಿಂದಲೋ ದೋಣಿಯಲ್ಲಿ ಬಂದಿರಬೇಕು. ಆ ಖರ್ಚು ಹೊತ್ತ ಹಳ್ಳಿ ಅದು.

ಕೈಯಿಂದ ಒಡೆದದ್ದು ಯಾವುದು, ತಾನಾಗಿ ಉದುರಿದ್ದು ಯಾವುದು ಎಂದು ನೀವೇ ನೋಡಬಹುದು. ಸಂಜೆ ದೀಪ ಆರಿಸಿ, ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿದು ಬೆಳಕು ಅಡ್ಡಲಾಗಿ ಹರಿಯುವ ಹಾಗೆ ಬಿಡಿ. ದೇವದೂತರ ಮುಖವಿದ್ದಲ್ಲಿ ಉಳಿಯ ಸಣ್ಣ ಚಪ್ಪಟೆ ಏಟುಗಳು, ಒಂದರ ಪಕ್ಕ ಒಂದು, ಕಾಣುತ್ತವೆ. ಸಿಂಹದ ಮೂತಿಯಲ್ಲಿ ಅದಿರುವುದಿಲ್ಲ. ಅಲ್ಲಿ ಮೈ ದುಂಡಗಾಗಿ, ಬಾಯಲ್ಲಿಟ್ಟು ತೆಗೆದ ಕಲ್ಲುಸಕ್ಕರೆಯ ಹಾಗೆ ಕಾಣುತ್ತದೆ. ಮೊದಲನೆಯದು ಚರಿತ್ರೆ, ಅದನ್ನು ರಿಪೇರಿ ಮಾಡುವ ಪ್ರಶ್ನೆಯೇ ಇಲ್ಲ. ಎರಡನೆಯದು ಈಗ ನಡೆಯುತ್ತಿರುವ ನಷ್ಟ.

ಕುದುರೆಯ ಕಥೆಯಲ್ಲಿ ಒಂದೆಳೆ ನಿಜ ಇರಬಹುದು. 1645ರಲ್ಲಿ ಬಂದ ಹೊಸ ಆರಾಧನಾ ಕ್ರಮ ಹಳೆಯ ಫಾಂಟಿನ ಜಾಗದಲ್ಲಿ ದೀಕ್ಷಾಸ್ನಾನ ಬೇಡ ಎಂದಿತು. ಎಷ್ಟೋ ಫಾಂಟುಗಳು ಹೊರಬಿದ್ದು ಹೊಲ, ಹಟ್ಟಿಗಳಲ್ಲಿ ತೊಟ್ಟಿಯಾದವು. ಗ್ಲಾಸ್ಟರ್‌ಶೈರಿನ ಡೀರ್‌ಹರ್ಸ್ಟ್‌ನಲ್ಲಿರುವ ಸುರುಳಿ ಕೆತ್ತನೆಯ ಆಂಗ್ಲೋ ಸ್ಯಾಕ್ಸನ್ ಫಾಂಟ್ 19ನೇ ಶತಮಾನದಲ್ಲಿ ಸಿಕ್ಕಿದ್ದು ಒಂದು ಫಾರ್ಮಿನಲ್ಲಿ, ತೊಳೆಯುವ ತೊಟ್ಟಿಯಾಗಿ. ನಿಮ್ಮದು ತನ್ನ ಪೀಠದ ಮೇಲೆ ಕದಲದೆ ನಿಂತಿದೆ, ಸೀಸವೂ ಒಳಗಿದೆ. ಅದು ಹೊರಗೆ ಹೋಗಿ ಬಂದದ್ದರ ಲಕ್ಷಣ ನಿಮ್ಮ ಪತ್ರದಲ್ಲಂತೂ ಇಲ್ಲ.

ಅಂಚಿನ ಎರಡು ಒಡಕುಗಳ ಕಥೆ ಬೇರೆ. ಎದುರುಬದುರು ಎಂದಿರಲ್ಲ, ಅಲ್ಲೇ ಉತ್ತರವಿದೆ. ಅದು ಬೀಗದ ಜಾಗ. ಮಧ್ಯಯುಗದಲ್ಲಿ ಈಸ್ಟರ್ ಮತ್ತು ಪೆಂತೆಕೋಸ್ತ್ ಹಬ್ಬಗಳ ಹೊತ್ತಿಗೆ ಮಂತ್ರಿಸಿದ ನೀರನ್ನು ಫಾಂಟಿನಲ್ಲೇ ಬಿಟ್ಟಿರುತ್ತಿದ್ದರು. ಹುಟ್ಟುವ ಮಕ್ಕಳಿಗೆಲ್ಲ ಅದೇ ನೀರು. ಸೀಸದ ತಗಡು ಇರುವುದೂ ಆ ಕಾರಣಕ್ಕೇ, ತಿಂಗಳುಗಟ್ಟಲೆ ನಿಂತ ನೀರನ್ನು ಕಲ್ಲು ಹೀರಬಾರದು. ಆ ನೀರನ್ನು ಕದ್ದು ಮಾಟಕ್ಕೆ ಬಳಸುತ್ತಾರೆ ಎಂಬ ಭಯ ಇತ್ತು. 1236ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಎಡ್ಮಂಡ್ ಫಾಂಟುಗಳಿಗೆ ಮುಚ್ಚಳ ಹಾಕಿ ಬೀಗ ಜಡಿಯಬೇಕೆಂದು ಕಟ್ಟಳೆ ಮಾಡಿದ. ಅಂಚಿನಲ್ಲಿ ಎರಡು ಗುಂಡಿ ಕೊರೆದು, ಕಬ್ಬಿಣದ ಕೊಂಡಿ ಇಟ್ಟು, ಕರಗಿಸಿದ ಸೀಸ ಸುರಿದು ಬಿಗಿ ಮಾಡಿ, ಒಂದರಿಂದ ಇನ್ನೊಂದಕ್ಕೆ ಅಡ್ಡಪಟ್ಟಿ ಹಾಯಿಸುತ್ತಿದ್ದರು. 1549ರ ಪ್ರಾರ್ಥನಾ ಪುಸ್ತಕ ತಿಂಗಳಿಗೆ ಒಮ್ಮೆಯಾದರೂ ನೀರು ಬದಲಿಸಿ ಎಂದಿತು, ಕೊನೆಗೆ ದೀಕ್ಷಾಸ್ನಾನದ ಹೊತ್ತಿಗೇ ಹೊಸ ನೀರು ತುಂಬುವ ರೂಢಿ ಬಂತು. ಬೀಗದ ಕೆಲಸ ಮುಗಿಯಿತು. ಯಾರೋ ಕೊಂಡಿಯನ್ನು ಎಳೆದು ಕಿತ್ತರು, ಕಲ್ಲಿನ ಚೂರೂ ಅದರ ಜೊತೆ ಬಂತು.

ನಿಮ್ಮ ಕಂದು ಕಲೆ ಹೇಳುವುದೇನೆಂದರೆ, ಒಂದು ಕಡೆ ಕಿತ್ತದ್ದು ಪೂರ್ತಿ ಆಗಿಲ್ಲ. ತುಂಡಾದ ಕಬ್ಬಿಣ ಇನ್ನೂ ಒಳಗಿದೆ. ಕಬ್ಬಿಣ ತುಕ್ಕಾದಾಗ ಹಲವು ಪಟ್ಟು ಉಬ್ಬುತ್ತದೆ. ಅದಕ್ಕೆ ಜಾಗ ಬೇಕು, ಕಲ್ಲನ್ನು ಸೀಳಿ ಮಾಡಿಕೊಳ್ಳುತ್ತದೆ. ಇದು ನಿಧಾನದ ಕೆಲಸ, ಈ ಚಳಿಗಾಲಕ್ಕೇ ಬಿದ್ದುಹೋಗುವುದಿಲ್ಲ. ಬಿರುಕಿನ ಎರಡೂ ತುದಿಗೆ ನೇರವಾಗಿ ಸ್ಕೇಲ್ ಹಿಡಿದು ಫೋಟೋ ತೆಗೆದಿಡಿ. ಆ ಕಬ್ಬಿಣವನ್ನು ಸಣ್ಣ ಡ್ರಿಲ್ಲಿನಿಂದ ಸುತ್ತ ಕೊರೆದು ತೆಗೆಯಬಹುದು. ಸಂರಕ್ಷಕರು ಅರ್ಧ ದಿನದಿಂದ ಒಂದು ದಿನದಲ್ಲಿ ಮುಗಿಸುವ ಕೆಲಸ. ಸುತ್ತಿಗೆ ಹಿಡಿದವರನ್ನು ಹತ್ತಿರ ಬಿಡಬೇಡಿ.

ಈಗ ಮುಖ್ಯ ವಿಷಯ, ಸಿಂಹಗಳ ಕಾಲಿನ ಪುಡಿ. ಮಂಗಳೂರಿನ ಮುರಕಲ್ಲಿನ ಮನೆಗಳಲ್ಲಿ ಮಳೆಗಾಲ ಕಳೆದ ಮೇಲೆ ಗೋಡೆಯ ಬುಡದ ಸುಣ್ಣ ಎದ್ದು ಉದುರುವುದನ್ನು ನೋಡಿ ಬೆಳೆದವರು ನೀವು. ಇದೂ ಅದೇ. ಬೇಲೂರು, ಹಳೇಬೀಡಿನ ಬಳಪದ ಕಲ್ಲು ನೀರು ಹೀರುವುದು ತೀರಾ ಕಡಿಮೆ. ಈ ಸುಣ್ಣಕಲ್ಲು ಹಾಗಲ್ಲ, ಚಹಾಕ್ಕೆ ಅದ್ದಿದ ರಸ್ಕಿನ ಹಾಗೆ ಕೆಳಗಿನಿಂದ ಹೀರುತ್ತದೆ. ಹೀರುವ ನೀರು ಬರಿ ನೀರಲ್ಲ. ಚರ್ಚಿನ ನೆಲದಡಿ ಐನೂರು ಆರುನೂರು ವರ್ಷ ಹೆಣ ಹೂಳಿದ ಮಣ್ಣು, ಅದರಿಂದ ನೈಟ್ರೇಟ್, ಸಿಮೆಂಟಿನಿಂದ ಸಲ್ಫೇಟ್, ಚಳಿಗಾಲದಲ್ಲಿ ದಾರಿಗೆ ಎರಚಿದ ಉಪ್ಪು ಬೂಟಿಗೆ ಅಂಟಿ ಬಂದದ್ದು. ನೀರು ಕಲ್ಲಿನ ಮೈಗೆ ಬಂದು ಆರುತ್ತದೆ, ಉಪ್ಪು ಅಲ್ಲೇ ಹರಳಾಗುತ್ತದೆ. ಹೊರಮೈಯಲ್ಲಿ ಹರಳಾದರೆ ನೀವು ಕಂಡ ಬಿಳಿ ನವಿರು, ಅದರಿಂದ ಅಷ್ಟೇನೂ ಹಾನಿಯಿಲ್ಲ. ಒಂದೆರಡು ಮಿಲಿಮೀಟರ್ ಒಳಗೆ ಹರಳಾದರೆ ಮೇಲಿನ ಪದರವನ್ನು ಒಳಗಿನಿಂದ ದೂಡುತ್ತದೆ. ಆ ಪದರದಲ್ಲೇ ಸಿಂಹದ ಕೇಸರ ಇರುವುದು.

ಒಂದು ಸಲ ಹರಳಾಗಿ ಸುಮ್ಮನಿದ್ದರೆ ಚಿಂತೆಯಿರಲಿಲ್ಲ. ನಿಮ್ಮ ಚರ್ಚಿನ ವಾರವನ್ನು ನೆನೆಯಿರಿ. ಆರು ದಿನ ತಣ್ಣಗೆ, ತೇವ. ಭಾನುವಾರ ಎರಡು ತಾಸು ಹೀಟರ್, ಗಾಳಿ ಒಣಗುತ್ತದೆ, ಉಪ್ಪು ಹರಳುಗಟ್ಟುತ್ತದೆ. ಸೋಮವಾರ ಮತ್ತೆ ತೇವ, ಕರಗುತ್ತದೆ. ಅಡಿಗೆಯ ಉಪ್ಪು ಗಾಳಿಯ ತೇವಾಂಶ ಶೇ 75 ದಾಟಿದರೆ ತಾನಾಗಿ ನೀರಾಗುತ್ತದೆ. ಸಫೊಕ್‌ನ ಬೆಂಕಿಯಿಲ್ಲದ ಚರ್ಚಿನಲ್ಲಿ ಚಳಿಗಾಲದ ಬಹುಪಾಲು ದಿನ ಅಷ್ಟು ತೇವ ಇದ್ದೇ ಇರುತ್ತದೆ. ಹೀಗೆ ಪ್ರತಿ ಭಾನುವಾರವೂ ಒಂದು ಸಣ್ಣ ಏಟು. ಶನಿವಾರ ನಿಮ್ಮ ಪೊರಕೆಗೆ ಸಿಗುವುದು ಹಿಂದಿನ ಭಾನುವಾರದ ಫಲ.

ವಾಷಿಂಗ್ ಸೋಡಾ ಏಕೆ ಕೆಡಿಸಿತು ಎಂಬುದೂ ಇಲ್ಲೇ ಇದೆ. ಅದು ಸೋಡಿಯಂ ಕಾರ್ಬೊನೇಟ್, ಸ್ವತಃ ಒಂದು ಉಪ್ಪು. ಕಲ್ಲಿನಲ್ಲಿ ಮೊದಲೇ ಇದ್ದ ಸಲ್ಫೇಟ್ ಜೊತೆ ಸೇರಿ ಸೋಡಿಯಂ ಸಲ್ಫೇಟ್ ಆಗಿರುತ್ತದೆ. ಇದು ನೀರು ಕುಡಿದು ಹರಳಾದಾಗ ಮೊದಲಿನ ಮೂರು ಪಟ್ಟಿಗೂ ಮೀರಿ ಹಿಗ್ಗುವ ಉಪ್ಪು, ಕಲ್ಲಿಗೆ ಇದಕ್ಕಿಂತ ಕೆಟ್ಟದ್ದು ಕಡಿಮೆ. ಆದದ್ದು ಆಯಿತು, ಎರಡು ಸಲದಲ್ಲಿ ಊರು ಮುಳುಗಿಲ್ಲ. ಇನ್ನು ಮುಂದೆ ಸೋಡಾ, ಬ್ಲೀಚ್, ವಿನೆಗರ್, ನಿಂಬೆಹಣ್ಣು ಯಾವುದೂ ಬೇಡ. ಸುಣ್ಣಕಲ್ಲಿಗೆ ಹುಳಿ ತಾಗಿದರೆ ನೊರೆ ಬಂದು ಕಲ್ಲೇ ಕರಗುತ್ತದೆ. ಬಣ್ಣ ಬಳಿಯುವ ಮೆತ್ತನೆಯ ಒಣ ಬ್ರಷ್ಷಿನಿಂದ, ಕಲ್ಲು ಗಟ್ಟಿಯಾಗಿರುವ ಕಡೆ ಮಾತ್ರ, ಸಿಂಹಗಳ ಮೇಲಿನ ನವಿರನ್ನು ಸವರಿ ತೆಗೆಯಿರಿ. ಸಡಿಲವಾದ ಕಡೆ ಅದೂ ಬೇಡ.

ಕಾಂಕ್ರೀಟ್ ನೆಲಕ್ಕೆ ಬಂದೆ. ಹಳೆಯ ಚರ್ಚುಗಳಲ್ಲಿ ಮಣ್ಣಿನ ಮೇಲೆ ಇಟ್ಟಿಗೆಯೋ ಚಪ್ಪಡಿಯೋ ಹಾಸಿರುತ್ತಿದ್ದರು, ನೆಲದ ತೇವ ಸಂದಿಗಳಲ್ಲೆಲ್ಲ ಹರಡಿ ಆವಿಯಾಗುತ್ತಿತ್ತು. ಕಾಂಕ್ರೀಟ್ ಬಿಗಿದಾಗ ಆ ದಾರಿ ಮುಚ್ಚಿತು, ಕಾರ್ಪೆಟ್ ಉಳಿದದ್ದನ್ನೂ ಮುಚ್ಚಿತು. ತೇವಕ್ಕೆ ಮೇಲೆ ಬರಲು ಉಳಿದ ದಾರಿ ಎರಡೇ: ಗೋಡೆಗಳು, ಮತ್ತು ನಡುವೆ ಒಂಟಿಯಾಗಿ ನಿಂತ ನಿಮ್ಮ ಫಾಂಟ್. ಇಡೀ ನೆಲಕ್ಕೆ ಅದೇ ಚಿಮಣಿ. ಕಾಂಕ್ರೀಟ್ ಹಾಕಿದ ಹಲವು ದಶಕದ ಮೇಲೆ ಫಾಂಟಿನ ಕಾಲು ಕೊಳೆಯುವುದನ್ನು ನಾನು ಇಷ್ಟು ಕಡೆ ನೋಡಿದ್ದೇನೆಂದರೆ, ಈಗ ಬಾಗಿಲು ದಾಟಿದ ಕೂಡಲೇ ಕಲ್ಲಿಗಿಂತ ಮೊದಲು ನೆಲ ನೋಡುತ್ತೇನೆ. ನೆಲ ನೋಡಿದ ಮೇಲೆ ಹೊರಗೆ ಹೋಗಿ ಚಾವಣಿಯ ನೀರಿನ ಪೈಪು ನೋಡುತ್ತೇನೆ. ಫಾಂಟ್ ಇರುವ ಕಡೆಯ ಹೊರಗೋಡೆಗೆ ಹೋಗಿ ನೋಡಿ. ಪೈಪಿನ ಹಿಂದೆ ಹಸಿರು ಪಾಚಿ ಕಟ್ಟಿದೆಯೇ, ಬುಡದ ಚರಂಡಿಯಲ್ಲಿ ಎಲೆ ತುಂಬಿದೆಯೇ, ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಎತ್ತರಕ್ಕೆ ಏರಿದೆಯೇ. ಸ್ಮಶಾನವೇ ಅಂಗಳವಾದ ಚರ್ಚುಗಳಲ್ಲಿ ಮಣ್ಣು ಏರಿಯೇ ಇರುತ್ತದೆ. ಮಳೆ ಜೋರಾಗಿ ಸುರಿಯುವಾಗ ಕೊಡೆ ಹಿಡಿದು ಹೋಗಿ ನೋಡಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಬಿಸಿಲಿನ ದಿನ ಬರುವ ತಜ್ಞರಿಗೆ, ನನ್ನನ್ನೂ ಸೇರಿಸಿ, ಅದು ಕಾಣುವುದಿಲ್ಲ.

ನಿಮ್ಮ ಬಿಲ್ಡರ್ ಒಳ್ಳೆಯ ಮನಸ್ಸಿನವರು, ಆದರೆ ಈ ಕೆಲಸ ಅವರಿಗೆ ಬೇಡ. ಸಿಮೆಂಟ್ ಈ ಕಲ್ಲಿಗಿಂತ ಗಟ್ಟಿ, ನೀರನ್ನು ಬಿಟ್ಟುಕೊಡುವುದಿಲ್ಲ. ತೇವ ತೇಪೆಯನ್ನು ಸುತ್ತುಹಾಕಿ ಅದರ ಅಂಚಿನಲ್ಲಿ ಹೊರಬರುತ್ತದೆ, ಹತ್ತಿಪ್ಪತ್ತು ವರ್ಷದಲ್ಲಿ ತೇಪೆ ಹಾಗೇ ನಿಂತು ಸುತ್ತಲಿನ ಕಲ್ಲು ಹೋಗಿರುತ್ತದೆ. ಸಿಲಿಕೋನ್ ಇನ್ನೂ ಕೆಟ್ಟದ್ದು. ನೀರು ಬರುತ್ತಿರುವುದು ಹೊರಗಿನಿಂದ ಅಲ್ಲ, ಒಳಗಿನಿಂದ. ಮೈಗೆ ನೀರು ದಾಟದ ಪದರ ಬಳಿದರೆ ಉಪ್ಪೆಲ್ಲ ಆ ಪದರದ ಹಿಂದೆ ಕೂತು, ಒಂದು ದಿನ ಸಿಂಹದ ಮುಖ ಬಿಲ್ಲೆಯಾಗಿ ಕೈಗೆ ಬರುತ್ತದೆ. ಹಾಗೆ ಬಂದ ಬಿಲ್ಲೆಗಳನ್ನು ಬಿಸ್ಕತ್ ಡಬ್ಬಿಯಲ್ಲಿ ಹತ್ತಿಯ ನಡುವೆ ಇಟ್ಟು ನನ್ನ ಮುಂದೆ ತೆರೆದವರಿದ್ದಾರೆ. ಬಿಲ್ಡರಿಗೆ ಬೇರೆ ಕೆಲಸ ಕೊಡಿ: ಏಣಿ ಹತ್ತಿ ಚಾವಣಿಯ ಗಟರ್ ಶುಚಿ ಮಾಡಿಸಲಿ. ಫಾಂಟಿಗೆ ಅದಕ್ಕಿಂತ ದೊಡ್ಡ ಉಪಕಾರ ಅವರಿಂದ ಆಗದು.

ಹಾಗಾದರೆ ನಿಮ್ಮ ಮುಂದೆ ಏನಿದೆ? ಕಡಿಮೆ ಖರ್ಚಿನದು, ಒಂದು ವರ್ಷ ಕಾದು ನೋಡುವುದು. ಶನಿವಾರದ ಪುಡಿಯನ್ನು ಎಸೆಯಬೇಡಿ. ಫಾಂಟಿನ ಸುತ್ತಲಿನ ಪೀಠದ ಮೇಲಿನದನ್ನು ಮಾತ್ರ ಒಂದು ಕಾಗದಕ್ಕೆ ಗುಡಿಸಿ, ದಿನಾಂಕ ಬರೆದ ಲಕೋಟೆಗೆ ಹಾಕಿ, ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಹೀಟರ್ ಹಾಕಿದ ವಾರ, ಮಳೆ ಬಂದ ವಾರ ಎಂದು ಪಕ್ಕದಲ್ಲಿ ಗುರುತು ಮಾಡಿ. ಬಿಸಿ ಮತ್ತು ತೇವ ಬರೆದುಕೊಳ್ಳುವ ಪುಟ್ಟ ಯಂತ್ರ ಒಂದನ್ನು ಹತ್ತಿರ ಇಡಿ. ವರ್ಷದ ಕೊನೆಗೆ ಆ ಲಕೋಟೆಗಳ ಕಟ್ಟು ಯಾವ ವರದಿಗಿಂತಲೂ ಹೆಚ್ಚು ಹೇಳುತ್ತದೆ. ಇದರ ಅಪಾಯ ಸ್ಪಷ್ಟ: ನೀವು ತೂಗುತ್ತಿರುವುದು ಕೆತ್ತನೆಯನ್ನೇ.

ಅದರ ಜೊತೆಗೇ ನೀರಿನ ದಾರಿ ಸರಿಮಾಡಬೇಕು. ಗಟರ್, ಚರಂಡಿ, ಕಾರ್ಪೆಟ್ ತೆಗೆಯುವುದು, ಸಾಧ್ಯವಾದರೆ ಫಾಂಟಿನ ಪೀಠದ ಸುತ್ತ ಒಂದು ಅಡಿಯಷ್ಟು ಕಾಂಕ್ರೀಟ್ ಕಡಿದು ಸುಣ್ಣದ ಗಾರೆಯಲ್ಲಿ ಇಟ್ಟಿಗೆ ಹಾಸುವುದು. ನನ್ನನ್ನು ಕೇಳಿದರೆ ನಿಮ್ಮ ದುಡ್ಡು ಮೊದಲು ಹೋಗಬೇಕಾದದ್ದು ಇಲ್ಲಿಗೆ. ಒಂದು ಎಚ್ಚರಿಕೆ ಮಾತ್ರ: ಕಲ್ಲು ಆರಲು ಶುರುವಾದ ಮೊದಲ ವರ್ಷ, ಎರಡನೆಯ ವರ್ಷ, ಪುಡಿ ಹೆಚ್ಚಾಗಬಹುದು. ಒಳಗಿದ್ದ ಉಪ್ಪೆಲ್ಲ ಹೊರಟಿರುತ್ತದೆ. ಕಮಿಟಿಯವರಿಗೆ ಇದನ್ನು ಮೊದಲೇ ಹೇಳಿಡಿ. ಹೇಳದಿದ್ದರೆ 'ನೀವು ಕೈಹಾಕಿದ ಮೇಲೆಯೇ ಹೀಗಾಯಿತು' ಎಂಬ ಮಾತು ನಿಮಗೆ ಕಟ್ಟಿಟ್ಟದ್ದು. ಒದ್ದೆ ಕಲ್ಲನ್ನು ಬೇಗ ಒಣಗಿಸುತ್ತೇವೆಂದು ಪಕ್ಕಕ್ಕೆ ಹೀಟರ್ ತಂದಿಡುವುದಂತೂ ಬೇಡವೇ ಬೇಡ.

ಉಪ್ಪನ್ನು ಹೀರಿ ತೆಗೆಯುವ ಲೇಪವೂ ಇದೆ. ಕಾಗದದ ತಿರುಳನ್ನು ಶುದ್ಧ ನೀರಿನಲ್ಲಿ ಕಲಸಿ, ಕಲ್ಲಿಗೆ ಮೆತ್ತಿ, ಆರಿದ ಮೇಲೆ ಬಿಡಿಸುತ್ತಾರೆ, ಉಪ್ಪು ತಿರುಳಿಗೆ ಬಂದಿರುತ್ತದೆ. ಕೇಳಲು ಚೆನ್ನ. ವೃತ್ತಿಗೆ ಬಂದ ಹೊಸತರಲ್ಲಿ ನಾನು ಒಂದು ಫಾಂಟಿಗೆ ಮೂರು ಸುತ್ತು ಹಾಕಿ, ಬಂದ ಉಪ್ಪು ನೋಡಿ ಬೀಗಿದ್ದೆ. ನೆಲದ ತೇವ ಹಾಗೇ ಇತ್ತು. ಮರುವರ್ಷದ ಚಳಿಗಾಲಕ್ಕೆ ಉಪ್ಪು ವಾಪಸ್, ಜೊತೆಗೆ ನಾನು ಮಾಡಿದ ಒದ್ದೆಗೆ ಬಟ್ಟೆಯ ಮಡಿಕೆಯೊಂದರಲ್ಲಿ ಉಳಿದಿದ್ದ ಕೆಂಪು ಬಣ್ಣದ ಚೂರೂ ಸಡಿಲವಾಗಿತ್ತು. ನಿಮ್ಮ ಫಾಂಟಿನಲ್ಲೂ ರೆಕ್ಕೆಗಳ ಸಂದಿನಲ್ಲಿ, ಮಡಿಕೆಗಳಲ್ಲಿ ಕೆಂಪು, ಹಸಿರಿನ ಚುಕ್ಕೆ ಇದ್ದೀತು, ಹುಡುಕಿ. ಇಂಥವು ಒಂದು ಕಾಲಕ್ಕೆ ಬಣ್ಣ ಬಳಿದು ಮಿನುಗುತ್ತಿದ್ದವು. ನೀರಿನ ಮೂಲ ನಿಲ್ಲುವವರೆಗೆ ಲೇಪದ ಮಾತಿಗೆ ಒಪ್ಪಬೇಡಿ. ಸಡಿಲ ಕಲ್ಲನ್ನು ಗಟ್ಟಿ ಮಾಡುವ ಸುಣ್ಣದ ದ್ರಾವಣಗಳಿಗೂ ಇದೇ ಷರತ್ತು. ಒಮ್ಮೆ ಒಳಗೆ ಹೋದದ್ದನ್ನು ಮತ್ತೆ ತೆಗೆಯಲು ಬರುವುದಿಲ್ಲ.

ದೊಡ್ಡ ಕೆಲಸ ಎಂದರೆ ಫಾಂಟನ್ನು ಬಿಚ್ಚಿ, ಕಂಬದ ಕೆಳಗೆ ಸೀಸದ ಹಾಳೆಯನ್ನೋ ಇಂಥದೇ ತೇವತಡೆಯನ್ನೋ ಇಟ್ಟು ಮತ್ತೆ ನಿಲ್ಲಿಸುವುದು. ತೇವಕ್ಕೆ ಇದು ಶಾಶ್ವತ ಪರಿಹಾರ. ಆದರೆ ಬೋಗುಣಿಯೊಂದೇ ಮುನ್ನೂರು ಕಿಲೋ ಮೀರಬಹುದು, ಅಂಚಿನಲ್ಲಿ ಮೊದಲೇ ಬಿರುಕಿದೆ. ಎತ್ತುವ ಆ ಹತ್ತು ನಿಮಿಷದಲ್ಲಿ ಆರುನೂರು ವರ್ಷದ್ದು ಎರಡಾಗಬಹುದು. ಕೆಳಗೆ ನೀರು ಇಂಗುವ ಗುಂಡಿ, ಹಳೆಯ ನೆಲ, ಮೂಳೆ ಸಿಗಬಹುದು, ಪುರಾತತ್ವದವರು ಜೊತೆಗಿರಬೇಕು. ಮೇಲಿನದೆಲ್ಲ ಮಾಡಿ ಎರಡು ಮೂರು ವರ್ಷವಾದರೂ ಲಕೋಟೆಯ ತೂಕ ಇಳಿಯದಿದ್ದರೆ ಆಗ ಇದರ ಮಾತು.

ಇದರ ಜೊತೆಗೇ ಸರಿಸುವ ಪ್ರಶ್ನೆಯೂ ಬರುತ್ತದೆ. ಬಿಚ್ಚದೆ ಸರಿಸಲಾಗದು ಎಂಬುದು ಮೊದಲನೆಯದು. ಎರಡನೆಯದು, ಅದು ನಿಮ್ಮ ಕಮಿಟಿಯ ಕೈಯಲ್ಲಿಲ್ಲ. ಚರ್ಚ್ ಆಫ್ ಇಂಗ್ಲೆಂಡಿನಲ್ಲಿ ಇಂಥ ಕೆಲಸಕ್ಕೆಲ್ಲ ಫ್ಯಾಕಲ್ಟಿ ಎಂಬ ಅನುಮತಿ ಬೇಕು. ಡಯಾಸಿಸ್‌ನ, ಅಂದರೆ ಬಿಷಪ್‌ರ ಆಡಳಿತ ಪ್ರಾಂತದ, ಸಲಹಾ ಸಮಿತಿ ನೋಡುತ್ತದೆ, ಚಾನ್ಸಲರ್ ಎಂಬ ನ್ಯಾಯಾಧೀಶರು ತೀರ್ಮಾನಿಸುತ್ತಾರೆ. ಫಾಂಟಿನ ರಿಪೇರಿಗೂ ಸರಿಸುವುದಕ್ಕೂ ಈ ದಾರಿಯೇ. ಅನುಮತಿ ಇಲ್ಲದೆ ಬಿಲ್ಡರ್ ಸಿಮೆಂಟ್ ಮೆತ್ತಿದರೆ, ಅದನ್ನು ಸರಿಪಡಿಸುವ ಖರ್ಚು ಒಪ್ಪಿಗೆ ಕೊಟ್ಟವರ ತಲೆಗೆ ಬರಬಹುದು. ವಾರ್ಡನ್ ಆಗಿ ಅದು ನೀವು. ಕ್ಯಾನನ್ ಎಫ್ 1 ಎಂಬ ನಿಯಮ, ಫಾಂಟ್ ಅನುಕೂಲವಾದಷ್ಟೂ ಮುಖ್ಯ ಬಾಗಿಲಿಗೆ ಹತ್ತಿರ ಇರಬೇಕು, ಸುತ್ತ ಜಾಗ ಇರಬೇಕು, ಮುಚ್ಚಳ ಇರಬೇಕು, ಬೋಗುಣಿಯನ್ನು ದೀಕ್ಷಾಸ್ನಾನದ ನೀರಿಗಲ್ಲದೆ ಬೇರೆ ಯಾವುದಕ್ಕೂ ಬಳಸಬಾರದು ಎನ್ನುತ್ತದೆ. (ಮದುವೆಗಳಿಗೆ ಅದರೊಳಗೆ ಹೂ ಜೋಡಿಸುವವರು ನಿಮ್ಮಲ್ಲೂ ಇದ್ದರೆ ಈ ಸಾಲನ್ನು ಮೆಲ್ಲಗೆ ತೋರಿಸಿ.) ರೂಢಿ ಬೇರೆಯಿದ್ದರೆ ಅಥವಾ ಬಿಷಪ್ ಬೇರೆ ಹೇಳಿದರೆ ವಿನಾಯಿತಿ ಉಂಟು, ಸರಿಸಿದ ಉದಾಹರಣೆಗಳೂ ಇವೆ. ಆದರೆ ಟೀ ಕೌಂಟರಿಗಾಗಿ ಮಧ್ಯಯುಗದ ಫಾಂಟ್ ಸರಿಸುತ್ತೇವೆ ಎಂದರೆ ಚಾನ್ಸಲರ್ ಕೇಳುವ ಮೊದಲ ಪ್ರಶ್ನೆ, ಕೌಂಟರನ್ನೇ ಬೇರೆ ಕಡೆ ಮಾಡಬಹುದಲ್ಲ ಎಂದು. ಅದಕ್ಕೆ ಉತ್ತರ ಇದ್ದರೆ ಅರ್ಜಿ ಹಾಕಿ. ನನ್ನ ಅಭಿಪ್ರಾಯ ಬೇಡ ಎಂದೇ.

ನಿಮ್ಮ ಕಟ್ಟಡವನ್ನು ಐದು ವರ್ಷಕ್ಕೊಮ್ಮೆ ಪರೀಕ್ಷಿಸುವ ಆರ್ಕಿಟೆಕ್ಟೋ ಸರ್ವೇಯರೋ ಇರಲೇಬೇಕು, 1955ರಿಂದ ಅದು ಕಾನೂನು. ಮೊದಲ ಫೋನ್ ಅವರಿಗೆ. ಹಿಂದಿನ ವರದಿಗಳಲ್ಲಿ ಫಾಂಟಿನ ಬಗ್ಗೆ ಏನು ಬರೆದಿದ್ದಾರೆ ಎಂದು ಓದಿ. ಇಪ್ಪತ್ತು ವರ್ಷದ ಹಿಂದಿನ ಒಂದು ಫೋಟೋ ಸಿಕ್ಕಿದರೂ ಈಗಿನದರ ಪಕ್ಕ ಇಟ್ಟು ನೋಡಬಹುದು. ಮದುವೆಯ ಆಲ್ಬಮ್‌ಗಳಲ್ಲಿ ಹುಡುಕಿ. ಬಾಗಿಲ ಬಳಿ ನಿಂತ ಮದುಮಕ್ಕಳ ಹಿಂದೆ ನಿಮ್ಮ ಸಿಂಹ ಕಂಡೇ ಕಾಣುತ್ತದೆ. ಸಂರಕ್ಷಕರನ್ನು ಗೊತ್ತು ಮಾಡುವಾಗ ಮಾನ್ಯತೆ ಪಡೆದವರೇ ಎಂದು ಕೇಳಿ, ಕಲ್ಲಿನ ಕೆಲಸದವರೇ ಎಂದೂ ಕೇಳಿ. ವರದಿಗೆ ಬೇಕಾದ ಹಣಕ್ಕೆ ಚರ್ಚ್ ಬಿಲ್ಡಿಂಗ್ಸ್ ಕೌನ್ಸಿಲ್‌ನ ಸಹಾಯಧನ ಇದೆಯೇ ಎಂದು ಡಯಾಸಿಸ್‌ನಲ್ಲಿ ವಿಚಾರಿಸಿ.

ಮೊಮ್ಮಗಳ ದಿನದ ಮಾತು ಉಳಿಯಿತು. ದೀಕ್ಷಾಸ್ನಾನ ಅಲ್ಲೇ ಆಗಲಿ, ತೊಟ್ಟಿ ಇರುವುದೇ ಅದಕ್ಕೆ. ಸೀಸದ ತಗಡಿಗೆ ಮಾತ್ರ ನೀರು ತಾಗುವುದು ಬೇಡ. ಪುಡಿ ತೆಗೆಸಿದ ಮೇಲೂ ಬೇಡ. ಬೋಗುಣಿಯ ತಳದ ತೂತಿನ ಸುತ್ತ ಸೀಸ ಹರಿದಿದ್ದರೆ ನೀರು ಕಂಬದ ಒಳಗೇ ಇಳಿಯುತ್ತದೆ, ಅದನ್ನು ಬಕೆಟ್ ನೀರು ಸುರಿದು ಪರೀಕ್ಷಿಸಲೂ ಹೋಗಬೇಡಿ. ತೊಟ್ಟಿಯೊಳಗೆ ಕುಳಿತುಕೊಳ್ಳುವ ಅಗಲವಾದ ಗಾಜಿನ ಅಥವಾ ಪಿಂಗಾಣಿಯ ಬಟ್ಟಲು ತನ್ನಿ; ನಿಮ್ಮ ಪಾದ್ರಿ, ಅಂದರೆ ವಿಕಾರ್, ಅವರನ್ನು ಕೇಳಿದರೆ ಚರ್ಚಿನ ಬೀರುವಿನಲ್ಲೇ ಒಂದು ಬೆಳ್ಳಿಯದು ಇದ್ದರೂ ಇರಬಹುದು. ಅದರಡಿ ದಪ್ಪ ಬಟ್ಟೆ ಮಡಿಸಿ ಇಡಿ. ಈಸ್ಟರಿಗೆ ಅಲ್ಲಿ ಇನ್ನೂ ಚಳಿ, ಉಗುರುಬೆಚ್ಚಗಿನ ನೀರನ್ನು ಫ್ಲಾಸ್ಕಿನಲ್ಲಿ ಒಯ್ದು ಕೊನೆಯ ಗಳಿಗೆಗೆ ಸುರಿಯಿರಿ, ಮಗು ಅಳುವುದು ಕಡಿಮೆ. ಮುಗಿದ ಮೇಲೆ ಬಟ್ಟಲನ್ನು ಎತ್ತಿಕೊಂಡು ಹೋಗಿ ಹೊರಗಿನ ಮಣ್ಣಿಗೆ ಸುರಿಯಬೇಕು. ಮಧ್ಯಯುಗದಲ್ಲೂ ಆ ನೀರು ಕೊನೆಗೆ ಸೇರುತ್ತಿದ್ದದ್ದು ಮಣ್ಣಿಗೇ. ಫೋಟೋದವರು ಅಂಚಿಗೆ ಒರಗದಂತೆ, ಬಿರುಕಿರುವ ಕಡೆ ನಿಮ್ಮವರೇ ಯಾರಾದರೂ ನಿಂತಿರಲಿ. ಮುಚ್ಚಳವನ್ನು ಹಿಂದಿನ ಸಂಜೆಯೇ ಇಬ್ಬರು ಸೇರಿ ಇಳಿಸಿಡಿ.